ಪಾರವ್ವನ ಕೆಂಪು ಹರಳು

ಗುರುಗಳ ಕಥೆ ಹೇಳುವವರು ಕೊನೆಗೆ ಗುರುವನ್ನೇ ಗೆಲ್ಲಿಸಿ ಏಳುತ್ತಾರೆ. ನನಗೆ ಹಾಗೆ ಮಾಡಲು ಬಾರದು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಕೇಳಿ.

ಮಲಪ್ರಭೆಯ ದಂಡೆಯ ಮೇಲೆ ಒಂದು ಕುಲುಮೆ ಇತ್ತು. ಅದನ್ನು ನಡೆಸುತ್ತಿದ್ದವನು ಮೋನಪ್ಪಜ್ಜ. ಕುಲದಿಂದ ಪತ್ತಾರ, ಅಂದರೆ ಬೆಳ್ಳಿ ಬಂಗಾರದ ಕೆಲಸದವನು. ಸುತ್ತಲ ಊರಿನವರು ಮಾತ್ರ ಆ ಕುಲುಮೆಯನ್ನು ಮಠ ಎಂದೇ ಕರೆಯುತ್ತಿದ್ದರು.

ಅದಕ್ಕೆ ಕಾರಣವಿತ್ತು. ಅಜ್ಜ ಅಂಗಡಿಯ ಹೊಸ ಬೆಳ್ಳಿಯನ್ನು ಮುಟ್ಟುತ್ತಿರಲಿಲ್ಲ. ಮುರಿದ ಕಾಲ್ಗೆಜ್ಜೆ, ಸವೆದ ಕಾಲುಂಗುರ, ತೀರಿಹೋದ ಅಜ್ಜಿಯ ಕಡಗ, ಪೆಟ್ಟಿಗೆಯ ಮೂಲೆಯಲ್ಲಿ ಬಿದ್ದಿದ್ದ ಒಂಟಿ ಹರಳು, ಇಂಥವನ್ನು ತಂದವರಿಗೆ ಮಾತ್ರ ಹೊಸ ಒಡವೆ ಮಾಡಿಕೊಡುತ್ತಿದ್ದ.

ಒಬ್ಬರ ಬೆಳ್ಳಿ ಕರಗಿದ ಮೂಸೆಯಲ್ಲಿ ಇನ್ನೊಬ್ಬರ ಬೆಳ್ಳಿ ಕರಗಬಾರದು ಎಂಬುದು ಅವನ ನೇಮ. ಒಂದು ಕೆಲಸ ಮುಗಿದರೆ ಆ ಮಣ್ಣಿನ ಮೂಸೆಯನ್ನು ಒಡೆದುಹಾಕಿ, ಮತ್ತೊಂದಕ್ಕೆ ಹೊಸ ಮೂಸೆ ಮಾಡುತ್ತಿದ್ದ.

“ಅವರ ಆಯಿ ಒಡವಿ ಅವರಿಗೇ ಹೋಗಬೇಕು,” ಎನ್ನುತ್ತಿದ್ದ. “ಒಂದು ಗುಲಗಂಜಿ ಬೆಳ್ಳೀನೂ ಮಂದಿ ಮನಿಗೆ ಹೋಗಬಾರದು.”

ಇಂಥ ಪತ್ತಾರನನ್ನು ಜನ ತಲೆಯ ಮೇಲೆ ಹೊತ್ತು ತಿರುಗಿದ್ದರಲ್ಲಿ ಏನೂ ಆಶ್ಚರ್ಯವಿಲ್ಲ.

ಅವನಿಗೆ ಇದ್ದ ಶಿಷ್ಯೆ ಒಬ್ಬಳೇ, ಕಸ್ತೂರಿ. ಪತ್ತಾರರ ಮನೆಯವಳಲ್ಲ. ಈ ಕೆಲಸ ಕಲಿಯುತ್ತೇನೆ ಎಂದಾಗ ಮನೆಯವರು ನಕ್ಕರು, ಊರವರು ನಕ್ಕರು. ಅಜ್ಜ ನಗಲಿಲ್ಲ. ಕೈಗೆ ಒಂದು ಅರ ಕೊಟ್ಟು, ಬೆಳ್ಳಿಯ ಅಂಚು ಉಜ್ಜು ಎಂದು ಮೂಲೆಯಲ್ಲಿ ಕೂರಿಸಿದ.

ಒಂದು ವರ್ಷ ಬರೀ ಉಜ್ಜಿದಳು. ಆಮೇಲೆ ಬೆಂಕಿ ಕಲಿತಳು, ಬೆಸುಗೆ ಕಲಿತಳು, ಹರಳು ಕೂರಿಸುವುದನ್ನು ಕಲಿತಳು. ಹೀಗೆ ಒಂಬತ್ತು ವರ್ಷ.

ಅಜ್ಜನ ಹತ್ತಿರ ನೇರ ಉತ್ತರ ಎಂಬುದು ಇರುತ್ತಿರಲಿಲ್ಲ. ಒಮ್ಮೆ ಅವಳು ಕೇಳಿದ್ದಳು, “ಹರಳು ಗಟ್ಟಿ ಕುಂತೈತಿ ಅನ್ನೂದು ಹೆಂಗ ತಿಳೀತೈತ್ರಿ ಅಜ್ಜಾರ?”

ಅಜ್ಜ ಉಂಗುರವನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದ. ಆಮೇಲೆ ಅವಳ ಕಿವಿಯ ಹತ್ತಿರ ಅಲುಗಾಡಿಸಿದ.

“ಏನರ ಹೇಳತೈತೇನು?”

“ಇಲ್ರಿ.”

“ಹಂಗಾರ ಕುಂತೈತಿ. ನೀನೂ ಹಂಗ ಕುಂಡ್ರು.”

ಅವತ್ತಿನಿಂದ ಕಸ್ತೂರಿ ಕೆಲಸ ಮಾಡುವಾಗ ಮಾತು ಬಿಟ್ಟಳು. ಅಷ್ಟು ನಂಬಿದ್ದಳು ಅವನನ್ನು. ಜನರೂ ಅವಳನ್ನು ಹಾಗೆಯೇ ನಂಬಿದ್ದರು. ಮನೆಯ ಬೆಳ್ಳಿಯನ್ನು ತೂಕ ನೋಡದೆ ಅವಳ ಕೈಗೆ ಹಾಕಿ ಹೋಗುತ್ತಿದ್ದರು. ಅವಳಿಗೆ ಇದ್ದ ಆಸ್ತಿ ಅದೊಂದೇ.

ಒಂದು ಬೆಳಿಗ್ಗೆ ಹೊಳೆಯಾಚೆಯ ಊರಿನಿಂದ ಪಾರವ್ವ ಎಂಬ ಹೆಂಗಸು ಹರಿಗೋಲಿನಲ್ಲಿ ದಾಟಿ ಬಂದಳು. ಅರವತ್ತು ದಾಟಿದವಳು. ಗಂಡ ಯಮನಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಕೊರಳಲ್ಲಿ ದಾರದಿಂದ ಕಟ್ಟಿಕೊಂಡಿದ್ದ ಪದಕವನ್ನು ಬಿಚ್ಚಿ, ಕಣ್ಣಿಗೊತ್ತಿಕೊಂಡು, ಕಸ್ತೂರಿಯ ಅಂಗೈ ಮೇಲಿಟ್ಟಳು.

ಬೆಳ್ಳಿಯ ಪದಕ. ನಡುವೆ ಹುಣಸೆ ಬೀಜದಷ್ಟು ದೊಡ್ಡ ಕೆಂಪು ಹರಳು. ಹಿಂಬದಿಯನ್ನು ಬೆಳ್ಳಿಯಿಂದ ಮುಚ್ಚಿದ್ದರು.

“ಕೊಂಡಿ ಸವದು ಹರದೈತಿ ತಂಗಿ. ಅದೊಂದು ಹಚ್ಚಿಕೊಡು, ಸಾಕು.”

“ಇದು ಮಾಣಿಕ ಏನ್ರಿ ಆಯಿ?”

“ಲಗ್ನದಾಗ ನಮ್ಮವರು ಮಾಡಿಸಿಕೊಟ್ಟಿದ್ದು,” ಎಂದಳು ಪಾರವ್ವ. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. “ಅವರ ಅವ್ವನ ಕಡಗದ ಬೆಳ್ಳಿ. ಹರಳೂ ಅವರ ಅವ್ವಂದ. ದೇಸಾಯರ ವಾಡೇದಾಗಿನ ಕೂಸಿಗೆ ಆಕಿ ಹಾಲು ಕುಡಿಸಿದ್ದಳಂತ. ಅದಕ್ಕ ಆ ಮನಿಯವರು ಆಕಿ ಉಡಿಯೊಳಗ ಹರಳ ಹಾಕಿ ಕಳಿಸಿದ್ದರಂತ.”

ನಾಳೆ ಮಧ್ಯಾಹ್ನ ಬರುತ್ತೇನೆ ಎಂದು ಹೇಳಿ ಅವಳು ಹೋದಳು.

ಕಸ್ತೂರಿ ಪದಕವನ್ನು ಅಜ್ಜನಿಗೆ ತೋರಿಸಿದಳು. ಅಜ್ಜ ಕೈಗೆ ತೆಗೆದುಕೊಂಡ, ತಿರುಗಿಸಿ ನೋಡಿದ, ತಕ್ಷಣ ವಾಪಸು ಕೊಟ್ಟುಬಿಟ್ಟ.

“ಬೆಂಕಿ ತೋರಿಸಬ್ಯಾಡ. ನೀರ ಮುಟ್ಟಿಸಬ್ಯಾಡ. ತಂತಿ ಸುತ್ತಿ ಕೊಂಡಿ ಕೂಡಿಸು.”

“ತೊಳೀಬ್ಯಾಡೇನ್ರಿ? ಭಾಳ ಹೊಲಸಾಗೈತಿ.”

“ಹೇಳಿದಷ್ಟು ಮಾಡು.”

ಒಂಬತ್ತು ವರ್ಷದಲ್ಲಿ ಅಜ್ಜ ಹಾಗೆ ಅಂದವನಲ್ಲ. ಕಸ್ತೂರಿಗೆ ಸ್ವಲ್ಪ ಬೇಜಾರಾಯಿತು. ವಯಸ್ಸಾಯಿತು, ಸಿಡುಕು ಬಂದಿದೆ ಎಂದುಕೊಂಡು ಸುಮ್ಮನಾದಳು.

ಮರುದಿನ ಬೆಳಿಗ್ಗೆ ಬೆಳ್ಳಿ ತಂತಿ ಸುತ್ತಿ ಹೊಸ ಕೊಂಡಿ ಕೂರಿಸಿದಳು. ಅರ್ಧ ತಾಸಿನ ಕೆಲಸ. ಮುಗಿದ ಮೇಲೆ ಪದಕವನ್ನು ಎತ್ತಿ ನೋಡಿದಳು.

ಹೊಸ ಕೊಂಡಿ ಬೆಳ್ಳಗೆ ಹೊಳೆಯುತ್ತಿತ್ತು. ಉಳಿದದ್ದೆಲ್ಲ ಅರಿಸಿನ, ಬೆವರು, ದೀಪದೆಣ್ಣೆ ಕೂತು ಕಪ್ಪಾಗಿತ್ತು. ಹೀಗೆ ಕೊಟ್ಟರೆ ನಾಚಿಕೆಗೇಡು ಎಂದು ಅವಳಿಗೆ ಅನಿಸಿತು. ಕೆಲಸ ಬಲ್ಲವರಿಗೆ ಇರುವ ರೋಗ ಇದು, ಹೇಳಿದಷ್ಟಕ್ಕೆ ಕೈ ನಿಲ್ಲುವುದಿಲ್ಲ.

ಮಾಣಿಕಕ್ಕೆ ನೀರಿನಿಂದ ಏನಾಗುತ್ತದೆ? ಅದು ಬೆಂಕಿಗೇ ಹೆದರದ ಕಲ್ಲು.

ಅಂಟುವಾಳದ ನೊರೆ ಮಾಡಿದಳು. ಪದಕವನ್ನು ಬಿಸಿನೀರಿನ ಬಟ್ಟಲಲ್ಲಿ ಮುಳುಗಿಸಿ, ಸ್ವಲ್ಪ ಹೊತ್ತು ಬಿಟ್ಟು, ಮೆತ್ತನೆಯ ಕುಂಚದಿಂದ ತಿಕ್ಕಿದಳು. ಬೆಳ್ಳಿ ಹಾಲಿನ ಹಾಗೆ ಬೆಳ್ಳಗಾಯಿತು. ಖುಷಿಯಿಂದ ಬಟ್ಟೆ ತೆಗೆದುಕೊಂಡು ಹರಳನ್ನು ಒರೆಸಿದಳು.

ಹರಳಿನಲ್ಲಿ ಕೆಂಪು ಇರಲಿಲ್ಲ.

ಮತ್ತೆ ಒರೆಸಿದಳು. ಪಾತ್ರೆ ತೊಳೆದ ನೀರಿನ ಬಣ್ಣ, ಅಷ್ಟೇ. ಬಟ್ಟಲಿನ ನೀರಿನಲ್ಲಿ ಕೆಂಪು ಏನಾದರೂ ಬಿದ್ದಿದೆಯೇ ಎಂದು ಬೆರಳಾಡಿಸಿ ಹುಡುಕಿದಳು. ಹೆದರಿದವರು ಇಂಥ ಹುಚ್ಚು ಕೆಲಸವನ್ನೇ ಮಾಡುವುದು.

ಹರಳಿನ ಸುತ್ತಲ ಬೆಳ್ಳಿಯ ಅಂಚನ್ನು ಎಬ್ಬಿಸಿದಳು. ಹರಳು ಹೊರಗೆ ಬಂತು. ಅದರ ಅಡಿಯಲ್ಲಿ ಒಂದು ತೆಳ್ಳನೆಯ ತಗಡು ಇತ್ತು. ಒಂದು ಕಾಲಕ್ಕೆ ಕೆಂಪು ಬಳಿದದ್ದು. ಈಗ ನೀರು ಹೊಕ್ಕು ಬಣ್ಣ ಎದ್ದು ಕಪ್ಪಾಗಿತ್ತು.

ಇದು ಅವಳಿಗೆ ಗೊತ್ತಿದ್ದ ಕೆಲಸವೇ. ಬಣ್ಣವಿಲ್ಲದ ಹರಳಿನ ಅಡಿಗೆ ಬಣ್ಣದ ತಗಡು ಇಟ್ಟು ಮುಚ್ಚಿದರೆ ಮೇಲಿನಿಂದ ನೋಡಿದವರಿಗೆ ಹರಳೇ ಆ ಬಣ್ಣದ್ದು ಎನಿಸುತ್ತದೆ. ನೀರು ಹೋಗಬಾರದು, ಅಷ್ಟೇ. ಗಾಜಿನ ಹರಳಿಗೆ ಅವಳೇ ಎಷ್ಟೋ ಸಲ ಹೀಗೆ ಮಾಡಿದ್ದಳು, ಕೊಳ್ಳುವವರಿಗೆ ಹೇಳಿಯೇ ಮಾಡಿದ್ದಳು.

ಅರದ ಮೂಲೆಯಿಂದ ಹರಳಿನ ಬೆನ್ನನ್ನು ಮೆಲ್ಲಗೆ ಗೀರಿದಳು. ಮಾಣಿಕವಾಗಿದ್ದರೆ ಅರವೇ ಸೋಲಬೇಕಿತ್ತು. ಬಿಳಿ ಗೆರೆ ಬಿತ್ತು.

ಗಾಜು.

ಯಾರು ಈ ಮೋಸ ಮಾಡಿದವರು ಎಂದು ಪದಕವನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದಳು. ಹರಳು ಕೂತಿದ್ದ ಗುಂಡಿಯ ಗೋಡೆಯಲ್ಲಿ ಮೂರು ಚುಕ್ಕಿ ಹೊಡೆದಿತ್ತು. ಒಂದು ಮೇಲೆ, ಎರಡು ಕೆಳಗೆ.

ಆ ಮೂರು ಚುಕ್ಕಿ ಮೋನಪ್ಪಜ್ಜನ ಗುರುತು. ಎಲ್ಲ ಒಡವೆಯ ಒಳಗೂ, ಯಾರಿಗೂ ಕಾಣದ ಜಾಗದಲ್ಲಿ, ಅವನು ಹೊಡೆಯುತ್ತಿದ್ದ ಗುರುತು.

ಕಸ್ತೂರಿ ಕೂತಲ್ಲೇ ಕೂತಳು. ಬಹಳ ಹೊತ್ತಿನ ಮೇಲೆ ಎದ್ದು ಹೊಳೆಯ ಕಡೆ ಹೋದಳು.

ಅಜ್ಜ ನೀರಿನ ಅಂಚಿನ ಕಲ್ಲಿನ ಮೇಲೆ ಕೂತಿದ್ದ. ಅವಳು ಅಂಗೈ ಚಾಚಿದಳು. ಅದರಲ್ಲಿ ಪದಕ, ಗಾಜು, ಕಪ್ಪು ತಗಡು.

“ನೀರ ಹಾಕಿದಿ,” ಎಂದ ಅಜ್ಜ.

“ಹಾಕೀನ್ರಿ.”

“ಬ್ಯಾಡ ಅಂದಿದ್ದೆ.”

“ಯಾಕ ಬ್ಯಾಡ ಅಂದ್ರಿ ಅನ್ನೂದು ಈಗ ಗೊತ್ತಾತ್ರಿ.” ಅವಳು ಪದಕದ ಒಳಭಾಗವನ್ನು ಅವನ ಕಡೆ ತಿರುಗಿಸಿದಳು. “ಒಳಗ ಮೂರು ಚುಕ್ಕಿ ಅದಾವ್ರಿ. ಬ್ಯಾರೆ ಯಾರೋ ನಿಮ್ಮ ಗುರುತು ಹೊಡದಿರಬೇಕು. ಹೌದಲ್ರಿ?”

ಹೌದು ಅನ್ನಲಿ ಎಂದೇ ಅವಳು ಕೇಳಿದ್ದು.

“ಇಲ್ಲ. ನಾನ ಹೊಡದದ್ದು.”

“ಮಾಣಿಕ?”

“ತಗದು ಮಾರಿದೆ.”

ಒಂಬತ್ತು ವರ್ಷ ಏನು ಕೇಳಿದರೂ ಒಗಟಿನಂಥ ಉತ್ತರ ಕೊಟ್ಟವನು ಅವನು. ಇವತ್ತು ಕಸ್ತೂರಿಗೆ ಒಂದು ಒಗಟು ಬೇಕಾಗಿತ್ತು. ಸಿಕ್ಕಿದ್ದು ನೇರ ಉತ್ತರ.

“ಯಾವಾಗ್ರಿ?”

“ನನಗಾಗ ಇಪ್ಪತ್ತಾರು. ಪ್ಯಾಟ್ಯಾಗ ಒಂದು ಅಂಗಡ್ಯಾಗ ಕೂಲಿಗಿದ್ದೆ. ಒಬ್ಬ ಹುಡುಗ ಬಂದ. ಕಡಗ ಕೊಟ್ಟ, ಹರಳ ಕೊಟ್ಟ, ಪದಕ ಮಾಡಿಕೊಡು ಅಂದ. ಅಂಥಾ ಹರಳ ನಾ ನೋಡಿರಲೇ ಇಲ್ಲ. ಬೆಳ್ಳಿ ಪೂರಾ ಅವಂದ ಹಾಕಿದೆ. ಹರಳ ಅಷ್ಟ ಬದಲಿ ಮಾಡಿದೆ.”

“ಅಷ್ಟ,” ಎಂದಳು ಕಸ್ತೂರಿ.

ಅಜ್ಜ ತಲೆ ತಗ್ಗಿಸಿದ.

“ಆ ರೊಕ್ಕದಾಗ ಏನ್ ಮಾಡಿದ್ರಿ?”

“ಈ ಜಾಗಾ. ಈ ಕುಲುಮಿ.” ಅವಳ ಕೈ ಕಡೆ ನೋಡಿ ಅವನೇ ಹೇಳಿದ, “ನೀ ಹಿಡಿಯೂ ಊದುಗೊಳವಿ.”

ಕಸ್ತೂರಿ ಕಲಿತದ್ದೆಲ್ಲ, ಮೊದಲ ವರ್ಷದ ಆ ಬೆಳ್ಳಿ ಉಜ್ಜುವ ಕೆಲಸದಿಂದ ಹಿಡಿದು, ಯಾರೋ ಒಬ್ಬ ಹೆಂಗಸಿನ ಕೊರಳಿನಿಂದ ಕಿತ್ತದ್ದರ ಮೇಲೆ ನಿಂತಿತ್ತು. ಅವಳಿಗೆ ಸಿಟ್ಟು ಬಂತು. ಅಜ್ಜನ ಮೇಲೆ ಅವಳು ಸಿಟ್ಟಾದದ್ದು ಅದೇ ಮೊದಲು.

“ಅದಕ್ಕೇನ್ರಿ ಒಬ್ಬೊಬ್ಬರಿಗೆ ಒಂದೊಂದು ಮೂಸಿ ಒಡೀತಿದ್ದಿರಿ? ಮಂದಿ ನಿಮಗ ಕೈ ಮುಗೀತಿದ್ದರು.”

ಅಜ್ಜ ಅವಳ ಅಂಗೈಯಿಂದ ಕಪ್ಪು ತಗಡನ್ನು ಎತ್ತಿ ಮತ್ತೆ ಅಲ್ಲೇ ಇಟ್ಟ.

“ಮಧ್ಯಾಹ್ನ ಆಯಿ ಬರ್ತಾಳ. ಬಿಳಿ ಹರಳ ನೋಡಿದರ ನನ್ನ ಕಳ್ಳಿ ಅಂತಾಳ. ನಾ ಹೆಂಗ ಅಲ್ಲ ಅನ್ನಲಿ? ನಿಮ್ಮ ಹೆಸರು ಹೇಳಿದರ ಯಾರು ನಂಬತಾರ?”

“ಯಾರೂ ನಂಬೂದಿಲ್ಲ.”

“ಏನ್ ಮಾಡ್ಲಿ, ನೀವ ಹೇಳ್ರಿ.”

ಅಜ್ಜ ಹೊಳೆಯನ್ನು ನೋಡುತ್ತ ಕೂತ. ಆಚೆ ದಂಡೆಯಲ್ಲಿ ಹರಿಗೋಲಿನವನು ಯಾರನ್ನೋ ಕಾಯುತ್ತಿದ್ದ.

“ಹೊಸಾ ತಗಡು ಇಡು,” ಎಂದ ಕೊನೆಗೆ.

ಅವಳಿಗೆ ತಾನು ಕೇಳಿಸಿಕೊಂಡದ್ದು ಸರಿಯೇ ಎಂದು ತಿಳಿಯಲಿಲ್ಲ. “ಏನಂದ್ರಿ?”

“ಮೊದಲಿನಂಗ ಕೆಂಪ ಮಾಡು. ನಿನಗ ಬರ್ತೈತಿ.”

“ನೀವು ಹೇಳೂ ಮಾತೇನ್ರಿ ಇದು?”

“ನನಗ ಅಂಜಿಕಿ ಆಗೇತಿ, ಕಸ್ತೂರಿ.”

ಗುರುಗಳಿಗೂ ಅಂಜಿಕೆ ಇರುತ್ತದೆ ಎಂದು ನಮಗೆ ಯಾರೂ ಹೇಳಿಕೊಡುವುದಿಲ್ಲ. ಕಸ್ತೂರಿ ಅವನ ಮುಖ ನೋಡಿದಳು. ಅಲ್ಲಿ ಪರೀಕ್ಷೆ ಇರಲಿಲ್ಲ, ಪಾಠ ಇರಲಿಲ್ಲ. ಹೆದರಿದ ಒಬ್ಬ ಮುದುಕ ಇದ್ದ.

ಅವಳು ಎದ್ದು ಕುಲುಮೆಗೆ ಹೋದಳು.

ನಾನಾಗಿದ್ದರೆ ಒಲ್ಲೆ ಅನ್ನುತ್ತಿದ್ದೆ ಎಂದು ಹೇಳುವುದು ಸುಲಭ. ಅವಳಿಗೂ ಅಂಜಿಕೆ ಆಗಿತ್ತು. ತೂಕ ನೋಡದೆ ಬೆಳ್ಳಿ ಕೊಡುವ ಜನ ನಾಳೆಯಿಂದ ಅವಳ ಕೈಯನ್ನೇ ನೋಡುತ್ತಾರೆ ಎಂಬ ಅಂಜಿಕೆ.

ಒಂದು ಚೂರು ಬೆಳ್ಳಿಯನ್ನು ಬಡಿದು ಬಡಿದು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಮಾಡಿದಳು. ಮುಖ ಕಾಣುವಷ್ಟು ಉಜ್ಜಿದಳು. ಅರಗಿನ ಕೆಂಪು ಬಳಿದು, ಕೆಂಡದ ಕಾವಿಗೆ ಹಿಡಿದು ಒಣಗಿಸಿ, ಇನ್ನೊಮ್ಮೆ ಬಳಿದಳು. ಗುಂಡಿಯ ಅಳತೆಗೆ ಕತ್ತರಿಸಿ ಒಳಗೆ ಕೂರಿಸಿ, ಮೇಲೆ ಗಾಜಿಟ್ಟು, ಬೆಳ್ಳಿಯ ಅಂಚನ್ನು ಸುತ್ತ ಒತ್ತಿದಳು.

ಕೆಂಪು ಬಂತು.

ಮೊದಲಿಗಿಂತ ಚೆಲುವಾಗಿ ಬಂತು. ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದಳು. ಏನೂ ಸದ್ದಿಲ್ಲ. ಒಂದು ಕ್ಷಣ ಅವಳು ಹಿಗ್ಗಿದಳು, ಅಜ್ಜನ ಕೈಗಿಂತ ತನ್ನ ಕೈ ಮುಂದಾಯಿತು ಎಂದು. ಆಮೇಲೆ ಆ ಹಿಗ್ಗು ನೆನೆದು ತನ್ನ ಮೇಲೆ ತನಗೇ ಅಸಹ್ಯವಾಯಿತು.

ಮಧ್ಯಾಹ್ನ ಪಾರವ್ವ ಬಂದಳು. ಅಜ್ಜ ಬಾಗಿಲ ಹತ್ತಿರ ಕಂಬಕ್ಕೆ ಒರಗಿ ಕೂತಿದ್ದ. ಅವಳು ಅವನಿಗೆ ಕೈಮುಗಿದು ಒಳಗೆ ಬಂದಳು.

ಕಸ್ತೂರಿ ಪದಕ ಕೊಟ್ಟಳು.

“ಇಷ್ಟು ಕೆಂಪ ಇರಲಿಲ್ಲಲ್ಲ ಇದು.”

“ತೊಳದೀನ್ರಿ ಆಯಿ.”

ಸುಳ್ಳೇನಲ್ಲ. ತೊಳೆದದ್ದು ನಿಜವೇ. ಆದರೂ ಕಸ್ತೂರಿ ಅವಳ ಕಣ್ಣು ತಪ್ಪಿಸಿ ಅರವನ್ನು ಎತ್ತಿಟ್ಟಳು.

ಪಾರವ್ವ ಪದಕವನ್ನು ಕೊರಳಿಗೆ ಹಾಕಿಕೊಂಡಳು. ಆಮೇಲೆ ಕಸ್ತೂರಿಯ ಎರಡೂ ಕೈ ಹಿಡಿದು ತನ್ನ ಕಣ್ಣಿಗೊತ್ತಿಕೊಂಡಳು.

“ಸ್ವಚ್ಛ ಕೈ ತಂಗಿ ನಿಂದು. ಹಿಂಗ ನಂಬಿಗಿಲೆ ಕೊಟ್ಟು ಹೋಗೂ ಜಾಗಾ ಇನ್ನೊಂದಿಲ್ಲ.”

ಕಸ್ತೂರಿ ಕೈ ಬಿಡಿಸಿಕೊಳ್ಳಲು ನೋಡಿದಳು. ಆಗಲಿಲ್ಲ. ಅವಳ ಮುಖದ ರಕ್ತವೆಲ್ಲ ಇಳಿದುಹೋಯಿತು.

ಅದನ್ನು ಅಜ್ಜ ನೋಡಿದ. ತಾನು ಒಂದು ಹರಳನ್ನು ಕದ್ದು ನಲವತ್ತೈದು ವರ್ಷವಾಗಿತ್ತು. ಶಿಷ್ಯೆಯನ್ನು ಕಳ್ಳಿ ಮಾಡಿ ಅರ್ಧ ದಿನವೂ ಆಗಿರಲಿಲ್ಲ. ಇದನ್ನು ಅವನಿಗೆ ತಡೆದುಕೊಳ್ಳಲು ಆಗಲಿಲ್ಲ.

ಪಾರವ್ವ ಹೊಸ್ತಿಲು ದಾಟುತ್ತಿದ್ದಳು.

“ನಿಲ್ಲು ಪಾರವ್ವ,” ಎಂದ ಅಜ್ಜ. “ಅದನ್ನ ಇಲ್ಲಿ ಕೊಡು.”

ಕೊಂಡಿ ಏನೋ ಸರಿಯಿಲ್ಲ ಎಂದುಕೊಂಡು ಅವಳು ಬಿಚ್ಚಿ ಕೊಟ್ಟಳು. ಅಜ್ಜ ಪಕ್ಕದಲ್ಲಿದ್ದ ಸಣ್ಣ ಉಳಿಯನ್ನು ತೆಗೆದುಕೊಂಡು, ಹರಳಿನ ಅಂಚಿಗೆ ಹಾಕಿ ಮೀಟಿದ.

ಕಸ್ತೂರಿ ಬೆಚ್ಚಿಬಿದ್ದು “ಅಜ್ಜಾರ” ಎಂದಳು. ಅಷ್ಟರಲ್ಲಿ ಹರಳು ನೆಲಕ್ಕೆ ಬಿದ್ದಿತ್ತು.

ಅಜ್ಜ ಕೆಂಪು ತಗಡನ್ನು ಉಗುರಿನಿಂದ ಎಬ್ಬಿಸಿ ಅಂಗೈಯಲ್ಲಿಟ್ಟು ತೋರಿಸಿದ.

“ಕೆಂಪ ಇದು. ಆ ನೆಲಕ್ಕ ಬಿದ್ದದ್ದು ಗಾಜು. ನಿನ್ನ ಗಂಡ ಕೊಟ್ಟ ಮಾಣಿಕ ನಾ ಕದ್ದೀನಿ. ಆಗ ನಾ ಪ್ಯಾಟ್ಯಾಗ ಇದ್ದೆ. ಈ ಪದಕ ನನ್ನ ಕೈಲೆ ಮಾಡಿದ್ದು. ಈ ಹುಡುಗಿ ಇದರಾಗ ಏನೂ ತಪ್ಪು ಮಾಡಿಲ್ಲ. ಮತ್ತ ಕೆಂಪ ಮಾಡು ಅಂತ ನಾನ ಹಚ್ಚಿದೆ.”

ಪಾರವ್ವ ಕೂಗುತ್ತಾಳೆ, ಮಣ್ಣು ತೂರುತ್ತಾಳೆ, ಜನ ಸೇರಿಸುತ್ತಾಳೆ ಎಂದು ಕಸ್ತೂರಿ ಕಾದಳು. ಹಾಗೆ ಆಗಲಿಲ್ಲ.

ಪಾರವ್ವ ಆ ಗಾಜನ್ನು ನೋಡುತ್ತ ನಿಂತಿದ್ದಳು.

“ನಮ್ಮವರು ನಿನ್ನ ಕೈಯಾಗ ಕೊಟ್ಟಾಗ ಅದು ಮಾಣಿಕ ಇತ್ತು?”

“ಇತ್ತು.”

“ಖರೆ ಮಾಣಿಕ?”

“ಖರೇನ. ಅಂಥಾದ್ದು ನಾ ಮತ್ತ ನೋಡಿಲ್ಲ.”

“ಅಂದ್ರ ಅವ ನನಗ ಸುಳ್ಳ ಹೇಳಿರಲಿಲ್ಲ.”

ಹಾಗೆಂದು ಅವಳು ನಿಂತ ಜಾಗದಲ್ಲೇ ಕುಸಿದು ಕೂತಳು. ಕಸ್ತೂರಿ ಓಡಿಬಂದು ಹಿಡಿದಳು. ನೀರು ತರಲು ಹೋದರೆ ಪಾರವ್ವ ಬೇಡ ಎಂದು ಕೈ ಅಲ್ಲಾಡಿಸಿದಳು.

“ಇದು ಗಾಜು ಅಂತ ನನಗ ಗೊತ್ತಿತ್ತು,” ಎಂದಳು.

ಅಜ್ಜ ತಲೆ ಎತ್ತಿದ.

“ಲಗ್ನಾಗಿ ಮೂರು ವರ್ಷಕ್ಕ ಕೂಸಿಗೆ ಜ್ವರ ಬಂದಿತ್ತು. ಇದನ್ನ ಮಾರಿ ಔಷಧ ತರೂನು ಅಂತ ನಾ ಒಬ್ಬಾಕಿನ ಪ್ಯಾಟಿಗೆ ಹೋದೆ. ಅಂಗಡಿಯವ ಕಣ್ಣಿಗೆ ಭೂತಗನ್ನಡಿ ಹಚ್ಚಿ ನೋಡಿದ. ನಕ್ಕ. ಗಾಜು ಐತೆವ್ವಾ ಇದು ಅಂದ. ನಿಮ್ಮಂಥಾ ಬಡವರ ಮನ್ಯಾಗ ಮಾಣಿಕ ಎಲ್ಲಿಂದ ಬರಬೇಕು, ನಿನ್ನ ಗಂಡ ನಿನ್ನ ಮಳ್ಳ ಮಾಡ್ಯಾನ ಅಂದ.”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

“ಆ ಮಾತು ನನಗ ಖರೆ ಅನಿಸ್ತು. ದೇಸಾಯರ ವಾಡೆ, ಹಾಲು, ಉಡಿ, ಎಲ್ಲಾ ಕಟ್ಟಿದ ಕಥಿ ಅಂತ ತಿಳಕೊಂಡೆ. ಪತ್ತಾರ ಮೋಸ ಮಾಡಿರಬಹುದು ಅಂತ ನನಗ ಹೊಳೀಲೇ ಇಲ್ಲ. ಕೂಸು ತಾನ ಆರಾಮ ಆತು. ನನಗ ಆರಾಮ ಆಗಲಿಲ್ಲ.”

“ಅವರನ್ನ ಕೇಳಲಿಲ್ಲೇನ್ರಿ ಆಯಿ?” ಎಂದಳು ಕಸ್ತೂರಿ.

“ಕೇಳಲಿಲ್ಲ. ಏನ್ ಕೇಳೂದು, ಇನ್ನೊಂದು ಸುಳ್ಳ ಹೇಳತಾನ ಅಂದ್ಕೊಂಡೆ. ಅವ ಸಂತಿಗೆ ಹೊಂಟೀನಿ ಅಂದ್ರ ನಾ ನಂಬಲಿಲ್ಲ. ಮೈಗೆ ಹುಷಾರಿಲ್ಲ ಅಂದ್ರ ನಂಬಲಿಲ್ಲ. ಖರೇನ ಹುಷಾರಿರಲಿಲ್ಲ ಅವಗ. ಹನ್ನೊಂದು ವರ್ಷ ಒಂದ ಮನ್ಯಾಗ ಇದ್ದೆವು. ಊಟಕ್ಕ ಹಾಕೀನಿ, ಬಟ್ಟಿ ಒಗದೀನಿ. ಒಳ್ಳೆ ಮಾತು ಒಂದೂ ಆಡಲಿಲ್ಲ. ಯಾಕ ಹಿಂಗ ಮಾಡ್ತಿ ಪಾರೂ ಅಂತ ಕೇಳಿ ಕೇಳಿ ಸಾಕಾಗಿ ಬಿಟ್ಟ.”

ಹೊರಗೆ ದಂಡೆಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು.

“ಸಾಯೂ ದಿನಾ ನನ್ನ ಕೈ ಹಿಡದ. ನಿನಗ ನಾ ಏನೂ ಮೋಸ ಮಾಡಿಲ್ಲ ಪಾರೂ ಅಂದ. ನಾ ಮಾರಿ ಆಕಡೆ ಮಾಡಿದೆ.” ಅವತ್ತಿನ ಹಾಗೆಯೇ ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

ಕಸ್ತೂರಿ ಬಾಯಿಗೆ ಸೆರಗು ಒತ್ತಿಕೊಂಡಳು.

“ಆದರೂ ಪದಕ ಹಾಕ್ಕೊಂಡು ತಿರಗತಿದ್ರೆಲ್ಲಾ. ಕಣ್ಣಿಗೆ ಒತ್ಕೊಂತಿದ್ರಿ,” ಎಂದಳು ಕಸ್ತೂರಿ.

“ಮಂದಿ ಮುಂದ. ಗಂಡ ಸುಳ್ಳಗಾರ ಅಂತ ಊರಿಗೆ ಗೊತ್ತಾಗಬಾರದಲ್ಲ. ಅವನ ಮಾನಾ ಕಾಯಾಕತ್ತೀನಿ ಅಂತ ತಿಳಕೊಂಡಿದ್ದೆ.” ಪಾರವ್ವ ನಕ್ಕಂತೆ ಮಾಡಿದಳು. ನೋಡಲು ಆಗುವಂಥ ನಗುವಲ್ಲ ಅದು.

ಮೋನಪ್ಪಜ್ಜ ಕಂಬ ಹಿಡಿದು ಏಳಲು ನೋಡಿದ. ಮತ್ತೆ ಕೂತ. ಇಷ್ಟು ವರ್ಷ ಅವನು ಮನಸ್ಸಿನಲ್ಲಿ ಒಂದು ಚಿತ್ರ ಇಟ್ಟುಕೊಂಡಿದ್ದ. ಎಲ್ಲೋ ಒಂದು ಮನೆಯಲ್ಲಿ ಒಬ್ಬ ಹೆಣ್ಣುಮಗಳು ಕೆಂಪು ಪದಕ ಹಾಕಿಕೊಂಡು ಗಂಡನ ಜೊತೆ ಸುಖವಾಗಿದ್ದಾಳೆ, ಅವಳಿಗೆ ಏನೂ ಗೊತ್ತಿಲ್ಲ, ಅವಳದೇನೂ ಕಡಿಮೆಯಾಗಿಲ್ಲ. ಆ ಚಿತ್ರದ ನೆಮ್ಮದಿಯಲ್ಲೇ ಅವನು ಗುರುವಾಗಿದ್ದ.

“ನೀ ಸುಖದಾಗ ಇದ್ದೀ ಅಂತ ತಿಳದಿದ್ದೆ,” ಎಂದ. “ಹರಳ ಕೆಂಪ ಇದ್ದರ ಸಾಕು ಅಂತ ತಿಳದಿದ್ದೆ.”

ಪಾರವ್ವ ನೆಲದ ಮೇಲಿನ ಗಾಜನ್ನು ಎತ್ತಿ ಪಕ್ಕಕ್ಕಿಟ್ಟಳು.

“ಈ ಕುಲುಮಿ ನಿಂದು. ಜಾಗಾ ನಿಂದು. ಒಳಗ ಇರೂ ಸಾಮಾನೆಲ್ಲಾ ತಗೊಂಡು ಹೋಗು. ನಾಕು ಊರಿನ ಮುಂದ ನಿಂತು ಹೇಳು ಅಂದ್ರ ಹೇಳ್ತೀನಿ.”

“ಕುಲುಮಿ ತಗೊಂಡು ನಾ ಏನ್ ಮಾಡ್ಲಿ?”

“ಅಂಥಾ ಹರಳ ಎಲ್ಲೇ ಇದ್ದರೂ ಹುಡುಕಿ ತಂದುಕೊಡ್ತೀನಿ.”

“ಹರಳ ಬ್ಯಾಡ ನನಗ.”

ಅವಳು ನೆಲದ ಮೇಲೆ ಕೈಯೂರಿ ಅವನ ಹತ್ತಿರಕ್ಕೆ ಸರಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಹಸಿದವರು ಇನ್ನೊಬ್ಬರ ಕೈಯನ್ನು ನೋಡುವ ಹಾಗೆ ಅವನನ್ನು ನೋಡಿದಳು. ಅದನ್ನು ಕಂಡು ಕಸ್ತೂರಿಗೆ ಹೆದರಿಕೆಯಾಯಿತು.

“ಅವತ್ತಿನ ಯಮನಪ್ಪನ್ನ ನೋಡಿದವರೊಳಗ ನೀ ಒಬ್ಬಾತ ಉಳದಿ. ಅವ ಆ ಹರಳ ನಿನ್ನ ಕೈಯಾಗ ಇಟ್ಟಾಗ ಏನಂದ?”

ಅಜ್ಜ ತನ್ನ ಬಲ ಅಂಗೈಯನ್ನು ತೆರೆದು ನೋಡಿಕೊಂಡ.

“ನನ್ನ ಹೆಸರು ಹೇಳಿದನೇನು? ನನ್ನ ಹೇಣ್ತಿಗೆ ಅಂತ ಅಂದನೇನು? ಮಾರಿ ಹೆಂಗಿತ್ತು ಅವಂದು? ನಗತಿದ್ದನೇನು?”

ಅಜ್ಜ ಕಣ್ಣು ಮುಚ್ಚಿಕೊಂಡ.

“ನಾ ಅವನ ಮಾರಿ ಸರಿಯಾಗಿ ನೋಡಿದ್ದು ಮೂರ ವರ್ಷ. ಆಮ್ಯಾಲ ನೋಡಿದ್ದೆಲ್ಲಾ ಸುಳ್ಳಗಾರನ ಮಾರಿ. ನಿನ್ನ ಹತ್ತಿರ ಒಂದು ದಿನ ಐತಿ. ಅವತ್ತು ಅವ ಹೆಂಗಿದ್ದ, ಅದೊಂದು ಕೊಟ್ಟುಬಿಡು. ನಾ ಎದ್ದು ಹೋಗ್ತೀನಿ. ಯಾರ ಮುಂದೂ ಏನೂ ಹೇಳೂದಿಲ್ಲ.”

ಅಜ್ಜ ಕಣ್ಣು ಮುಚ್ಚಿಕೊಂಡೇ ಇದ್ದ. ಹಣೆಯ ನರ ಎದ್ದಿತ್ತು. ಅವನು ಹುಡುಕುತ್ತಿದ್ದಾನೆ ಎಂದು ಕಸ್ತೂರಿಗೆ ತಿಳಿಯಿತು. ನಲವತ್ತೈದು ವರ್ಷದ ಹಿಂದಿನ ಆ ಅಂಗಡಿಯಲ್ಲಿ, ಆ ಗಳಿಗೆಯಲ್ಲಿ, ಎದುರಿಗೆ ನಿಂತ ಆ ಹುಡುಗನನ್ನು.

ಹೊತ್ತು ಹೋಯಿತು.

ಏನಾದರೂ ಹೇಳಲಿ ಎಂದು ಕಸ್ತೂರಿ ಮನಸ್ಸಿನಲ್ಲೇ ಬೇಡಿಕೊಂಡಳು. ನಗುತ್ತಿದ್ದ ಅನ್ನಲಿ. ಪಾರೂ ಅಂದ ಅನ್ನಲಿ. ಎರಡು ಮಾತು ಕಟ್ಟಿ ಹೇಳಿದರೆ ಯಾರಿಗೆ ಗೊತ್ತಾಗುತ್ತದೆ? ಈ ಹೆಂಗಸು ಅದನ್ನು ಕಟ್ಟಿಕೊಂಡು ಹೊಳೆ ದಾಟುತ್ತಾಳೆ, ಇರುವಷ್ಟು ದಿನ ಅದರಲ್ಲಿ ಬದುಕುತ್ತಾಳೆ.

ಅವಳು ಅಜ್ಜನ ಹತ್ತಿರ ಬಗ್ಗಿ, ಪಾರವ್ವನಿಗೆ ಕೇಳದ ಹಾಗೆ ಮೆಲ್ಲಗೆ ಹೇಳಿಯೂ ಹೇಳಿದಳು.

“ಏನರ ಒಂದು ಹೇಳಿಬಿಡ್ರಿ ಅಜ್ಜಾರ.”

ಮೋನಪ್ಪಜ್ಜ ಕಣ್ಣು ತೆರೆದ. ಶಿಷ್ಯೆಯನ್ನು ನೋಡಿದ. ಆಮೇಲೆ ಪಾರವ್ವನ ಕಡೆ ತಿರುಗಿ, ಎರಡೂ ಕೈ ಜೋಡಿಸಿದ.

“ನೆನಪಿಲ್ಲ, ಯವ್ವಾ. ನಾ ಅವನ ಮಾರಿ ನೋಡಲಿಲ್ಲ. ಹರಳ ನೋಡಾಕತ್ತಿದ್ದೆ.”